ವಾರ್ಡಿನ ಪಾಠವನ್ನು ಅಳೆಯುವುದು ಹೇಗೆ? ಮೆಡಿಕಲ್ ಕಾಲೇಜುಗಳಿಗೊಂದು ಕೈಪಿಡಿ

ಮೆಡಿಕಲ್ ಕಾಲೇಜಿನ ಬೋಧಕರ ಹೆಗಲ ಮೇಲೆ ರೋಗಿಗಳ ಚಿಕಿತ್ಸೆ, ಸಂಶೋಧನೆ, ಬೋಧನೆ ಮೂರೂ ಇರುತ್ತವೆ. ಮೊದಲೆರಡಕ್ಕೆ ಲೆಕ್ಕ ಸಿಗುತ್ತದೆ: ಓಪಿಡಿ ರಿಜಿಸ್ಟರ್ ಇದೆ, ಪ್ರಕಟವಾದ ಪ್ರಬಂಧಗಳ ಪಟ್ಟಿ ಇದೆ. ಬೋಧನೆಯ ವಿಷಯಕ್ಕೆ ಬಂದರೆ ಟೈಮ್‌ಟೇಬಲ್ ಮತ್ತು ಬಯೋಮೆಟ್ರಿಕ್ ಹಾಜರಿ ಬಿಟ್ಟು ಬೇರೇನೂ ಇರುವುದಿಲ್ಲ. ಬೋಧಕರು ಕಾಲೇಜಿಗೆ ಬಂದರು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. 2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತಿದೆ. ವಿದ್ಯಾರ್ಥಿಗೆ ಏನು ಗೊತ್ತಿದೆ ಎನ್ನುವುದರ ಜೊತೆಗೆ ಏನು ಮಾಡಲು ಬರುತ್ತದೆ ಎಂದೂ ಈ ಪಠ್ಯಕ್ರಮ ಕೇಳುತ್ತದೆ. ಮಾಡಲು ಕಲಿಯುವುದು ವಾರ್ಡಿನಲ್ಲಿ. ಹಾಗಾಗಿ ಬೋಧನೆಯನ್ನು ಅಳೆಯಬೇಕೆಂದರೆ ಯಾರಾದರೂ ವಾರ್ಡಿಗೆ ಹೋಗಿ, ಪಾಠ ನಡೆಯುವಾಗ ನಿಂತು ನೋಡಲೇಬೇಕು. ಬೋಧಕರಿಗೆ ತರಬೇತಿ ಕೊಡುವ ವೈದ್ಯಕೀಯ ಶಿಕ್ಷಣ ಘಟಕದವರು ಮತ್ತು ವಿಭಾಗದ ಮುಖ್ಯಸ್ಥರು ಇದನ್ನು ಹೀಗೆ ಮಾಡಬಹುದು.

ಮೊದಲು ಉದ್ದೇಶ ತೀರ್ಮಾನಿಸಿ

ಪಾಠ ಸುಧಾರಿಸುವುದಕ್ಕೆ ಮಾಡುವ ಮೌಲ್ಯಮಾಪನ ಬೇರೆ, ಬಡ್ತಿಗೆ ಮಾಡುವುದು ಬೇರೆ. ಎರಡಕ್ಕೂ ಒಂದೇ ಹಾಳೆ ಬಳಸಿದರೆ ಬೋಧಕರು ಆ ದಿನಕ್ಕೆಂದೇ ಸಿದ್ಧಪಡಿಸಿದ ಪಾಠ ತೋರಿಸುತ್ತಾರೆ, ನೋಡುವವರೂ ಸಹೋದ್ಯೋಗಿಯ ಭವಿಷ್ಯ ಕೆಡಿಸಬಾರದೆಂದು ಎಲ್ಲ ಕಡೆ ‘ಉತ್ತಮ’ ಎಂದು ಬರೆದುಬಿಡುತ್ತಾರೆ. ಇಲ್ಲಿ ಹೇಳುತ್ತಿರುವುದು ಸುಧಾರಣೆಯ ಕ್ರಮ. ವೀಕ್ಷಣೆಯ ಹಾಳೆ ಬೋಧಕರ ಕೈಯಲ್ಲೇ ಉಳಿಯಬೇಕು. ವೀಕ್ಷಣೆ ನಡೆಯಿತು, ಇಂಥ ದಿನ ನಡೆಯಿತು ಎಂಬಷ್ಟು ಮಾತ್ರ ವಿಭಾಗದ ಕಡತಕ್ಕೆ ಹೋದರೆ ಸಾಕು.

ನೋಡುವವರು ಯಾರು? ಅದೇ ಯೂನಿಟ್ಟಿನ ಕಿರಿಯರನ್ನು ಕಳಿಸಬೇಡಿ. ಪ್ರೊಫೆಸರರ ಪಾಠ ನೋಡಿದ ಅಸಿಸ್ಟೆಂಟ್ ಪ್ರೊಫೆಸರ್ ‘ಚೆನ್ನಾಗಿತ್ತು ಸರ್’ ಎನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳಲಾರರು. ಬೇರೆ ವಿಭಾಗದ, ಸಮಾನ ಹುದ್ದೆಯವರನ್ನು ಜೋಡಿ ಮಾಡಿ. ಮೆಡಿಸಿನ್ ಪಾಠವನ್ನು ಪೀಡಿಯಾಟ್ರಿಕ್ಸ್‌ನವರು ನೋಡಿದಾಗ ವಿಷಯದ ಜಗಳಕ್ಕೆ ಇಳಿಯದೆ ಕಲಿಸುವ ರೀತಿಯನ್ನು ಗಮನಿಸುತ್ತಾರೆ. ಒಂದೇ ಪಾಠ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಕನಿಷ್ಠ ಎರಡು ಪಾಠ ನೋಡಿ, ಸಾಧ್ಯವಾದರೆ ಒಂದನ್ನು ಓಪಿಡಿ ದಿನ, ಇನ್ನೊಂದನ್ನು ವಾರ್ಡಿನಲ್ಲಿ. ಒಬ್ಬರು ಓಪಿಡಿ ಗದ್ದಲದ ನಡುವೆ ಮಾಡಿದ ಪಾಠವನ್ನು ಇನ್ನೊಬ್ಬರ ಬಿಡುವಿನ ದಿನದ ಪಾಠದೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಪಾಠಕ್ಕೆ ಮುಂಚಿನ ಹತ್ತು ನಿಮಿಷ

ಹಿಂದಿನ ದಿನವೇ ಬೋಧಕರೊಂದಿಗೆ ಕೂತು ಮೂರು ವಿಷಯ ಕೇಳಿಕೊಳ್ಳಿ. ಯಾವ ಬ್ಯಾಚು, ಅವರಿಗೆ ಇದು ಎಷ್ಟನೆಯ ಪೋಸ್ಟಿಂಗ್ (ಒಂದು ವಿಭಾಗದಲ್ಲಿ ಕಲಿಯುವ ಸರದಿ)? ಕ್ಲಿನಿಕ್ (ರೋಗಿಯ ಪಕ್ಕದ ಪಾಠ) ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು? ನನ್ನಿಂದ ಮುಖ್ಯವಾಗಿ ಏನನ್ನು ಗಮನಿಸಬೇಕೆಂದು ಬಯಸುತ್ತೀರಿ? ಮೂರನೆಯ ಪ್ರಶ್ನೆಯನ್ನು ಬಿಡಲೇಬೇಡಿ. ‘ಹಿಂದೆ ನಿಂತವರು ಮಾತೇ ಆಡುವುದಿಲ್ಲ, ಯಾಕೆಂದು ನೋಡಿ’ ಎಂದು ಬೋಧಕರೇ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಹಾಸಿಗೆಯ ಪಕ್ಕದಲ್ಲಿ ಏನು ನೋಡಬೇಕು

ಅಂಕಗಳ ಪಟ್ಟಿ ಹಿಡಿದು ಹೋಗಬೇಡಿ. ಒಂದು ಹಾಳೆಗೆ ಐದೈದು ನಿಮಿಷದ ಗೆರೆ ಎಳೆದುಕೊಳ್ಳಿ. ಪ್ರತಿ ಭಾಗದಲ್ಲೂ ಹೆಚ್ಚು ಹೊತ್ತು ನಡೆದದ್ದೇನು ಎಂದು ಒಂದಕ್ಷರ ಗುರುತು ಹಾಕಿ: ಬೋಧಕರ ಮಾತಿಗೆ ‘ಬೋ’, ವಿದ್ಯಾರ್ಥಿಯ ಮಾತಿಗೆ ‘ವಿ’, ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸುತ್ತಿದ್ದರೆ ‘ಪ’. ಒಂದು ಗಂಟೆಯ ಕ್ಲಿನಿಕ್ಕಿಗೆ ಹನ್ನೆರಡು ಗುರುತಾಗುತ್ತವೆ. ಅದರಲ್ಲಿ ಒಂಬತ್ತು ‘ಬೋ’ ಬಂದರೆ ಅಲ್ಲಿ ನಡೆದದ್ದು ನಿಂತುಕೊಂಡು ಕೇಳಿದ ಲೆಕ್ಚರ್. ಇದನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹಾಳೆ ತೋರಿಸಿದರೆ ಬೋಧಕರಿಗೇ ಗೊತ್ತಾಗುತ್ತದೆ.

ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. ‘ಸ್ಪ್ಲೀನ್ (ಗುಲ್ಮ) ದೊಡ್ಡದಾಗಲು ಕಾರಣಗಳೇನು?’ ಎಂಬುದಕ್ಕೆ ಪಟ್ಟಿ ಒಪ್ಪಿಸಿದರೆ ಸಾಕು. ‘ಈ ರೋಗಿಗೆ ಅದರಲ್ಲಿ ಯಾವುದು ಇರಬಹುದು, ಯಾವುದನ್ನು ಕೈಬಿಡುತ್ತೀಯ, ಯಾಕೆ?’ ಎಂದು ಕೇಳಿದರೆ ವಿದ್ಯಾರ್ಥಿ ಯೋಚಿಸಲೇಬೇಕು. ಪ್ರಶ್ನೆ ಕೇಳಿದ ಮೇಲೆ ಬೋಧಕರು ಎಷ್ಟು ಹೊತ್ತು ಕಾದರು ಎಂಬುದನ್ನೂ ಗಮನಿಸಿ. ಬಹಳಷ್ಟು ಮಂದಿ ಒಂದು ಸೆಕೆಂಡ್ ಕೂಡ ಕಾಯದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಕನಿಷ್ಠ ಮೂರು ಸೆಕೆಂಡ್ ಕಾದರೆ ಹಿಂದೆ ನಿಂತವರೂ ಬಾಯಿ ತೆರೆಯುತ್ತಾರೆ.

ಇನ್ನು ಕೈಯ ಕೆಲಸ. ಬೋಧಕರ ಗುಣ ತಿಳಿಯುವುದು ಇಲ್ಲೇ. ವಿದ್ಯಾರ್ಥಿನಿಯೊಬ್ಬಳು ಸ್ಪ್ಲೀನ್ ಹುಡುಕಲು ನೇರವಾಗಿ ಎಡ ಪಕ್ಕೆಲುಬಿನ ಅಂಚಿಗೇ ಬೆರಳಿಟ್ಟಳು ಎನ್ನಿ. ತುಂಬಾ ದೊಡ್ಡದಾದ ಸ್ಪ್ಲೀನ್ ಆಗಿದ್ದರೆ ಅದರ ಕೆಳ ಅಂಚು ಎಲ್ಲೋ ಕೆಳಗಿರುತ್ತದೆ. ಇವಳ ಕೈ ಸ್ಪ್ಲೀನ್ ಮೇಲೆಯೇ ಕೂತಿದ್ದು ಅಂಚು ಸಿಗದೆ, ‘ಏನೂ ಇಲ್ಲ’ ಎನ್ನುತ್ತಾಳೆ. ಒಬ್ಬ ಬೋಧಕರು ‘ತಪ್ಪು, ಆಚೆ ಸರಿ’ ಎಂದು ತಾವೇ ಮಾಡಿ ತೋರಿಸುತ್ತಾರೆ. ಇನ್ನೊಬ್ಬರು ಅವಳ ಕೈಯನ್ನು ಹೊಟ್ಟೆಯ ಬಲ ಕೆಳಭಾಗಕ್ಕೆ ತಂದು, ‘ಅಜ್ಜ, ಉಸಿರು ಎಳ್ಕೊಳಿ’ ಎಂದು ರೋಗಿಗೆ ಹೇಳಿ, ಪ್ರತಿ ಉಸಿರಿಗೂ ಕೈಯನ್ನು ಸ್ವಲ್ಪ ಸ್ವಲ್ಪವೇ ಎಡ ಮೇಲಕ್ಕೆ ಸರಿಸಲು ಬಿಡುತ್ತಾರೆ. ಅಂಚು ಬೆರಳಿಗೆ ತಗುಲಿದಾಗ ‘ಈಗ ಹೇಳು, ಕೆಳಗಿನಿಂದ ಯಾಕೆ ಶುರು ಮಾಡಬೇಕು?’ ಎಂದು ಕೇಳುತ್ತಾರೆ. ಹಾಳೆಯಲ್ಲಿ ‘ಕೌಶಲ ಕಲಿಸಿದರು’ ಎಂದು ಟಿಕ್ ಹಾಕಿದರೆ ಈ ಇಬ್ಬರಿಗೂ ಸಮಾನ ಅಂಕ ಸಿಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆಯಬೇಕು ಎನ್ನುವುದು.

ರೋಗಿಯ ಕಡೆಯನ್ನೂ ನೋಡಿ. ಒಪ್ಪಿಗೆ ಕೇಳಿದರೇ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿದರೇ, ಪರದೆ ಎಳೆದರೇ? ಬ್ಯಾಚಿನವರೆಲ್ಲ ಸರದಿಯಲ್ಲಿ ನೋಯುವ ಹೊಟ್ಟೆ ಒತ್ತಿದರೇ? ಒಬ್ಬ ರೋಗಿಯ ಮೇಲೆ ಇಬ್ಬರು ಮೂವರಿಗಿಂತ ಹೆಚ್ಚು ಮಂದಿಯ ಕೈ ಹಾಕಿಸದೆ ಉಳಿದವರನ್ನು ಬೇರೆ ರೋಗಿಗಳ ಬಳಿ ಕಳಿಸುವುದು ಬೋಧಕರ ಹೊಣೆ. ‘ಮ್ಯಾಲಿಗ್ನೆನ್ಸಿ’ (ಕ್ಯಾನ್ಸರ್) ಎಂಬ ಮಾತು ರೋಗಿಯ ತಲೆಯ ಮೇಲೆ ಹಾದುಹೋಗುತ್ತದೆ ಎಂದುಕೊಳ್ಳಬೇಡಿ. ಪಕ್ಕದಲ್ಲಿರುವ ಮಗನಿಗೆ ಅದು ಗೊತ್ತಿರುತ್ತದೆ. ಹೊರರಾಜ್ಯದ ವಿದ್ಯಾರ್ಥಿಗಳು ಎಂಬಿಬಿಎಸ್ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಯಲು ಶುರು ಮಾಡಿರುತ್ತಾರೆ. ಅವರಿಂದಲೇ ಕನ್ನಡದಲ್ಲಿ ಹಿಸ್ಟರಿ (ರೋಗದ ಹಿನ್ನೆಲೆ) ಕೇಳಿಸಿ, ಸಿಕ್ಕಿಕೊಂಡಾಗ ಮಾತ್ರ ಬೋಧಕರು ನೆರವಾದರೇ, ಅಥವಾ ಕನ್ನಡ ಬಲ್ಲ ಸಹಪಾಠಿಗೆ ಒಪ್ಪಿಸಿಬಿಟ್ಟರೇ ಎಂಬುದೂ ಹಾಳೆಗೆ ಬರಲಿ.

ವಿದ್ಯಾರ್ಥಿಗಳನ್ನು ಕೇಳುವಾಗ

‘ಇವರು ಒಳ್ಳೆಯ ಶಿಕ್ಷಕರೇ?’ ಎಂದು ಕೇಳಿದರೆ ಬರುವುದು ಜನಪ್ರಿಯತೆಯ ಲೆಕ್ಕ. ಕಣ್ಣಿಗೆ ಕಂಡದ್ದನ್ನು ಕೇಳಿ: ‘ನಾನು ಪರೀಕ್ಷೆ ಮಾಡುವುದನ್ನು ಇವರು ನಿಂತು ನೋಡಿದರು’, ‘ನನ್ನ ತಪ್ಪು ಎಲ್ಲಿದೆಯೆಂದು ನನಗೆ ತಿಳಿಯುವಂತೆ ಹೇಳಿದರು’, ‘ಗೊತ್ತಿಲ್ಲ ಎಂದರೆ ಅವಮಾನವಾಗಲಿಲ್ಲ’. ಆರರಿಂದ ಎಂಟು ವಾಕ್ಯ ಸಾಕು. ಒಂದರಿಂದ ಐದರ ಅಂಕದ ಜೊತೆ ‘ನೋಡುವ ಅವಕಾಶವೇ ಸಿಗಲಿಲ್ಲ’ ಎಂಬ ಕಾಲಂ ಇರಲೇಬೇಕು. ಅದು ಇಲ್ಲದಿದ್ದರೆ ಗೊತ್ತಿಲ್ಲದವರೆಲ್ಲ ಮೂರು ಹಾಕುತ್ತಾರೆ.

ಪೋಸ್ಟಿಂಗ್ ಮುಗಿಯುವ ವಾರದಲ್ಲೇ ಫಾರಂ ತುಂಬಿಸಿ. ಇಂಟರ್ನಲ್ ಅಂಕ ಸಲ್ಲಿಸುವವರೆಗೆ ಬೋಧಕರಿಗೆ ಅದನ್ನು ತೋರಿಸಬೇಡಿ. ಅಂಕದ ಭಯ ಇರುವವರೆಗೆ ಯಾರೂ ನಿಜ ಬರೆಯುವುದಿಲ್ಲ. ಹಾಜರಿ ಕೊಡಲು ಫಾರಂ ಕಡ್ಡಾಯ ಮಾಡಿದರೆ ಎಲ್ಲ ಸಾಲಿಗೂ ನಾಲ್ಕೇ ಬೀಳುತ್ತದೆ. ಕೈಬರಹದ ಅನಿಸಿಕೆಗಳನ್ನು ಘಟಕದವರು ಟೈಪ್ ಮಾಡಿಸಿಯೇ ಕೊಡಬೇಕು. ಒಬ್ಬ ಬೋಧಕರಿಗೆ ಎಂಟು ಹತ್ತು ಫಾರಂ ಕೂಡ ಬರದಿದ್ದರೆ ಮುಂದಿನ ಬ್ಯಾಚಿನವರೆಗೆ ಕಾಯಿರಿ.

ಸರಾಸರಿಯನ್ನು ಮಾತ್ರ ನೋಡಿದರೆ ಮೋಸಹೋಗುತ್ತೀರಿ. ಐವರು 5, 5, 5, 1, 1 ಕೊಟ್ಟರೂ ಸರಾಸರಿ 3.4; ಐವರು 3, 3, 3, 4, 4 ಕೊಟ್ಟರೂ 3.4. ಮೊದಲನೆಯದರಲ್ಲಿ ಮೂವರಿಗೆ ಚೆನ್ನಾಗಿ ಕಲಿಸಿ ಇಬ್ಬರನ್ನು ಕೈಬಿಟ್ಟಿರುವ ಸಾಧ್ಯತೆ ಇದೆ. ಅದನ್ನು ಹುಡುಕಬೇಕು.

ಫಲಿತಾಂಶ ಮತ್ತು ಲಾಗ್‌ಬುಕ್

ಥಿಯರಿ ಪರೀಕ್ಷೆಯ ಫಲಿತಾಂಶದಿಂದ ಒಬ್ಬ ಬೋಧಕರನ್ನು ಅಳೆಯಲು ಬರುವುದಿಲ್ಲ. ಈಗಿನ ವಿದ್ಯಾರ್ಥಿಗಳಲ್ಲಿ ಅನೇಕರು ನೀಟ್ ಪಿಜಿ ಕೋಚಿಂಗ್ ಆ್ಯಪ್‌ಗಳಿಂದ ಓದುತ್ತಾರೆ. ಪಾಸಾದದ್ದು ಯಾರ ಪಾಠದಿಂದ ಎಂದು ಹೇಳುವುದು ಹೇಗೆ? ವಿದ್ಯಾರ್ಥಿ ಕಲಿತ ಕೌಶಲಗಳಿಗೆ ಬೋಧಕರು ಸಹಿ ಹಾಕುವ ಲಾಗ್‌ಬುಕ್ ಹೆಚ್ಚು ಹೇಳುತ್ತದೆ. ಹತ್ತು ಲಾಗ್‌ಬುಕ್ ತೆಗೆದು ಒಂದೇ ಕೌಶಲದ ಸಹಿಯ ದಿನಾಂಕಗಳನ್ನು ನೋಡಿ. ಎಲ್ಲವೂ ಪೋಸ್ಟಿಂಗಿನ ಕೊನೆಯ ದಿನದ್ದೇ ಆಗಿದ್ದರೆ ಯಾರೂ ನಿಂತು ನೋಡದೆ ಸಹಿ ಬಿದ್ದಿರುವ ಸಾಧ್ಯತೆ ಹೆಚ್ಚು. ಅಂಥ ಕಡೆ ವಿದ್ಯಾರ್ಥಿಗಳನ್ನು ಕರೆದು ಅದೇ ಕೌಶಲವನ್ನು ಐದು ನಿಮಿಷದ ಓಸ್ಕಿ (ಕೌಶಲವನ್ನು ಮಾಡಿಸಿ ನೋಡುವ ಪ್ರಾಯೋಗಿಕ ಪರೀಕ್ಷೆ) ಸ್ಟೇಷನ್ನಿನಲ್ಲಿ ಮಾಡಿಸಿ ನೋಡಿ.

ಮಾತುಕತೆ

ವೀಕ್ಷಣೆಯಾದ ದಿನವೇ, ತಪ್ಪಿದರೆ ಮರುದಿನ, ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ಕೂರಿ. ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳ ಎದುರು ಬೇಡವೇ ಬೇಡ. ‘ಇವತ್ತಿನ ಪಾಠ ನಿಮಗೆ ಹೇಗನ್ನಿಸಿತು?’ ಎಂದು ಬೋಧಕರಿಂದಲೇ ಶುರು ಮಾಡಿಸಿ. ಆಮೇಲೆ ನಿಮ್ಮ ಟಿಪ್ಪಣಿ ಓದಿ, ವಿಶೇಷಣ ಹಚ್ಚಬೇಡಿ. ‘ನೀವು ಆತುರಗಾರರು’ ಎಂದರೆ ವಾದ ಹುಟ್ಟುತ್ತದೆ. ‘ಹದಿನಾಲ್ಕು ಪ್ರಶ್ನೆಗಳಲ್ಲಿ ಹನ್ನೊಂದಕ್ಕೆ ಉತ್ತರ ನೀವೇ ಹೇಳಿದಿರಿ’ ಎಂದರೆ ಬೋಧಕರು ಯೋಚಿಸುತ್ತಾರೆ. ಕಂಡ ಕೊರತೆಗಳೆಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಬದಲಿಸಲು ಒಂದನ್ನೇ ಆರಿಸಿ, ಅದನ್ನೂ ಬೋಧಕರೇ ಆರಿಸಲಿ.

ಪ್ರಶ್ನಿಸುವ ರೀತಿಯನ್ನೇ ಬದಲಿಸಬೇಕೆಂದವರಿಗೆ 1992ರಿಂದ ಬಳಕೆಯಲ್ಲಿರುವ ‘ಒನ್ ಮಿನಿಟ್ ಪ್ರಿಸೆಪ್ಟರ್’ ಕ್ರಮ ಕೊಡಿ: ವಿದ್ಯಾರ್ಥಿ ತನ್ನ ನಿರ್ಣಯ ಹೇಳಲಿ, ಅದಕ್ಕೆ ಆಧಾರ ಕೇಳಿ, ಒಂದು ಸಾಮಾನ್ಯ ನಿಯಮ ಕಲಿಸಿ, ಸರಿ ಮಾಡಿದ್ದನ್ನು ಹೆಸರಿಸಿ ಹೇಳಿ, ತಪ್ಪನ್ನು ತಿದ್ದಿ. ಗದ್ದಲದ ಓಪಿಡಿಯಲ್ಲೂ ಇದು ನಡೆಯುತ್ತದೆ.

ಆರರಿಂದ ಎಂಟು ವಾರದೊಳಗೆ ಅದೇ ಜೋಡಿ ಮತ್ತೊಮ್ಮೆ ವಾರ್ಡಿಗೆ ಹೋಗಲಿ. ಈ ಸಲ ಆರಿಸಿಕೊಂಡ ಆ ಒಂದು ಬದಲಾವಣೆಯನ್ನಷ್ಟೇ ನೋಡಿ. ಎರಡನೆಯ ವೀಕ್ಷಣೆಯ ದಿನವನ್ನು ಮೊದಲ ಮಾತುಕತೆಯಲ್ಲೇ ಡೈರಿಗೆ ಬರೆದುಕೊಳ್ಳಿ. ಬರೆಯದೆ ಬಿಟ್ಟರೆ ಪರೀಕ್ಷೆ, ಇನ್‌ಸ್ಪೆಕ್ಷನ್ ಎಂದು ಅದು ಮುಂದೆ ಹೋಗುತ್ತಲೇ ಇರುತ್ತದೆ.