ನಾಯಿ ಮರಿ ಹಾಕುವ ಮುಂಚಿನ ವಾರ ಏನೇನು ನೋಡಿಕೊಳ್ಳಬೇಕು

ಕ್ರಾಸ್ ಆದ ದಿನದಿಂದ ಸುಮಾರು 63 ದಿನಕ್ಕೆ ನಾಯಿ ಮರಿ ಹಾಕುತ್ತದೆ. ನಾಲ್ಕೈದು ದಿನ ಹಿಂದೆಮುಂದೆ ಆಗುವುದುಂಟು. ಹಾಗಾಗಿ 55 ದಾಟಿದ ಕೂಡಲೇ ಜಾಗ ರೆಡಿ ಮಾಡಿ. ಇಲ್ಲದಿದ್ದರೆ ಅದೇ ಹುಡುಕಿಕೊಳ್ಳುತ್ತದೆ, ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ಅಂದರೆ ಬಚ್ಚಲ ಒಲೆಯ ಬೂದಿ, ಇಲ್ಲವೇ ಸೌದೆ ರಾಶಿಯ ಹಿಂದೆ ನಿಮ್ಮ ಕೈ ಹೋಗದ ಸಂದು.

ಜನ ಓಡಾಡದ, ಮಳೆಯ ಇರಚಲು ಬೀಳದ ಮೂಲೆ ಸಾಕು. ಅದು ಕಾಲು ಚಾಚಿ ಮಲಗುವಷ್ಟು ದೊಡ್ಡ ಮರದ ಪೆಟ್ಟಿಗೆ ಇಡಿ, ಅಡಿಗೆ ಪೇಪರ್, ಮೇಲೆ ಹಳೆ ಹತ್ತಿ ಸೀರೆ. ಗೋಣಿ ಬೇಡ, ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ಮಳೆಗಾಲವಾದರೆ ಇರುವೆಯದ್ದೇ ದೊಡ್ಡ ತಲೆಬಿಸಿ, ಹುಟ್ಟಿದ ಮರಿಯ ಒದ್ದೆ ಮೈಗೆ ಮುತ್ತಿಕೊಂಡುಬಿಡುತ್ತವೆ. ಪೆಟ್ಟಿಗೆಗೆ ಕಾಲಿದ್ದರೆ ನಾಲ್ಕರ ಅಡಿಗೂ ನೀರು ತುಂಬಿದ ಗೆರಟೆ ಇಡಿ. ಇರುವೆ ಪುಡಿ ಮಾತ್ರ ಬೇಡವೇ ಬೇಡ, ತಾಯಿ ನೆಕ್ಕುತ್ತದೆ.

ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರ್ನಾಲ್ಕು ಸಲ. ಪಾಪ ಬಸುರಿ ಅಂತ ಸುಮ್ನೆ ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಈಗ ಜಾಸ್ತಿ ಕೊಟ್ಟರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ಕೆಲಸ ನಿಧಾನವಾಗುತ್ತದೆ, ಆಮೇಲೆ ಹಾಲೂಡುವಾಗ ನಡುಕ, ಸೆಳೆತ ಬರಬಹುದು.

ನನ್ನ ಕೇಳಿದರೆ ಈ ವಾರ ಎಲ್ಲಕ್ಕಿಂತ ಉಪಯೋಗದ ವಸ್ತು ಥರ್ಮಾಮೀಟರ್. ಡಿಜಿಟಲ್‌ದು ಸಾಕು, ಆದರೆ ಅದನ್ನು ನಾಯಿಗೇ ಅಂತ ಬೇರೆ ಇಡಿ. ತುದಿಗೆ ತೆಂಗಿನೆಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಮೆಲ್ಲ ಸ್ವಲ್ಪವೇ ಇಟ್ಟು ನೋಡಿ, ಬೆಳಿಗ್ಗೆ ಸಂಜೆ ಕ್ಯಾಲೆಂಡರಿನಲ್ಲೇ ಬರೆದಿಡಿ. 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ದದ್ದು 99ಕ್ಕಿಂತ ಕೆಳಗಿಳಿದರೆ ಹೆಚ್ಚಾಗಿ 24 ಗಂಟೆಯೊಳಗೆ ಹೆರಿಗೆ. ಜೊತೆಗೆ ಊಟ ಬಿಡುತ್ತದೆ, ಏದುಸಿರು ಬಿಡುತ್ತದೆ, ಸೀರೆಯನ್ನು ಕೆರೆದು ಕೆರೆದು ಮುದ್ದೆ ಮಾಡುತ್ತದೆ. ಸರಿಮಾಡಲು ಹೋಗಬೇಡಿ, ಮತ್ತೆ ಕೆರೆಯುತ್ತದೆ ಅಷ್ಟೇ. ಅಕ್ಕಪಕ್ಕದ ಮಕ್ಕಳನ್ನೂ ನೋಡಲು ಕರೆಯಬೇಡಿ.

ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಹೋದರೆ, ಅರ್ಧ ಗಂಟೆ ಜೋರಾಗಿ ತಿಣುಕಿಯೂ ಮರಿ ಬರದಿದ್ದರೆ, ಇಲ್ಲವೇ ಒಳಗೆ ಇನ್ನೂ ಮರಿ ಇದ್ದು ಎರಡು ಗಂಟೆ ಕಳೆದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮರಿ ಎಷ್ಟು ಅಂತ 55 ದಿನದ ನಂತರದ ಎಕ್ಸ್‌ರೇಯಲ್ಲಿ ಲೆಕ್ಕ ಸಿಗುತ್ತದೆ. ರಾತ್ರಿ ಬರುವ ಡಾಕ್ಟರ್ ಯಾರು ಅಂತ ಈಗಲೇ ವಿಚಾರಿಸಿ. ಆಟೋದವರ ಹತ್ತಿರವೂ ನಾಯಿಯನ್ನು ಹತ್ತಿಸ್ತೀರಾ ಅಂತ ಮೊದಲೇ ಮಾತಾಡಿಡಿ, ನಡುರಾತ್ರಿ ಎಲ್ಲರೂ ಒಪ್ಪುವುದಿಲ್ಲ.