ಉಕ್ಕನ್ನು ತಿನ್ನುವ ಬೂಷ್ಟಿಗೆ ಎಳೆ ಅಡಿಕೆಯ ಚೊಗರು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಿನ ಅಡಿಕೆ ತೋಟಗಳಲ್ಲಿ ಪಂಪ್‌ಶೆಡ್ಡಿನ ಉಕ್ಕು ತುಕ್ಕು ಹಿಡಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ. ಗ್ರೀಸು, ಧೂಳು ಕುಳಿತ ಒದ್ದೆ ಜಾಗದಲ್ಲಿ ಬೆಳೆಯುವ ಆಸ್ಪರ್ಜಿಲ್ಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಿಟ್ರಿಕ್, ಆಕ್ಸಾಲಿಕ್ ಮೊದಲಾದ ಆಮ್ಲಗಳನ್ನು ಸ್ರವಿಸಿ, ತನ್ನ ಎಳೆಗಳು ಅಂಟಿಕೊಂಡಲ್ಲಿ ಲೋಹವನ್ನು ಕೊರೆಯುತ್ತದೆ. ಇದನ್ನು ತಡೆಯಲು ನಾನು ಆರಿಸಿಕೊಂಡದ್ದು ಎಳೆ ಅಡಿಕೆಯ ಸಾರ. ಬಲಿತ ಅಡಿಕೆಗಿಂತ ಎಳೆಯದರಲ್ಲಿ ಚೊಗರಿಗೆ ಕಾರಣವಾದ ಟ್ಯಾನಿನ್ ಹೆಚ್ಚು.

ಅಡಿಕೆಯನ್ನು ಮದ್ದು ಬಿಡದ ಮರದಿಂದಲೇ ಕೊಯ್ಯಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ಸಿಪ್ಪೆಯಲ್ಲಿ ಉಳಿದಿದ್ದರೆ, ಅದರ ತಾಮ್ರವು ಬೂಷ್ಟನ್ನು ಕೊಂದು ಅಡಿಕೆಗೆ ಸಲ್ಲದ ಕೀರ್ತಿಯನ್ನು ತಂದುಕೊಡುತ್ತದೆ. ಸಾಲದ್ದಕ್ಕೆ ಉಕ್ಕಿನ ಮೇಲೆ ಕುಳಿತು ತುಕ್ಕನ್ನು ಹೆಚ್ಚಿಸಲೂಬಹುದು. ನೆರಳಿನಲ್ಲಿ ಒಣಗಿಸಿದ ಪುಡಿಯನ್ನು ಎಥನಾಲ್‌ನಲ್ಲಿ ನೆನೆಸಿ, ಎಥನಾಲನ್ನು ಆವಿಯಾಗಿಸಿ ತೆಗೆದೆ. ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ನ 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಟ್ಯಾನಿನ್ ಮೊದಲಾದ ಪಾಲಿಫಿನಾಲ್‌ಗಳು ಬದಲಾಗಬಹುದಾದ್ದರಿಂದ, ಉಳಿದ ಸಾರವನ್ನು ನೀರಿನಲ್ಲಿ ಕರಗಿಸಿ ಸೂಕ್ಷ್ಮಜೀವಿಗಳನ್ನು ತಡೆಯುವ 0.22 ಮೈಕ್ರೋಮೀಟರ್ ರಂಧ್ರದ ಪೊರೆಯಲ್ಲಿ ಸೋಸಿದೆ.

ಎಮರಿ ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ತೊಳೆದು ತೂಗಿದ ಮೆದು ಉಕ್ಕಿನ ತುಂಡುಗಳನ್ನು ಬೇರೆ ಬೇರೆ ಫ್ಲಾಸ್ಕ್‌ಗಳಲ್ಲಿ ಇಟ್ಟೆ: ಬರೀ ಪೋಷಕ ದ್ರವ, ಸಾರ ಸೇರಿಸಿದ ದ್ರವ, ಬೂಷ್ಟು ಬಿತ್ತಿದ ದ್ರವ, ಸಾರ ಮತ್ತು ಬೂಷ್ಟು ಎರಡೂ ಇದ್ದ ದ್ರವ. ಇವುಗಳ ಜೊತೆಗೆ ಬೂಷ್ಟಿಲ್ಲದೆ ಸಿಟ್ರಿಕ್ ಆಮ್ಲ ಮತ್ತು ಸಾರ ಮಾತ್ರ ಇರುವ ಫ್ಲಾಸ್ಕೂ ಬೇಕೇ ಬೇಕು. ಅದಿಲ್ಲದಿದ್ದರೆ ಸಾರವು ಬೂಷ್ಟನ್ನು ಅಡಗಿಸಿತೋ, ಉಕ್ಕಿಗೆ ಹೊದಿಕೆಯಾಯಿತೋ ಎಂಬುದು ತಿಳಿಯುವುದಿಲ್ಲ. ಅದು ತಿಳಿಯದೆ ಹೇಳುವ ಶೇಕಡಾವಾರು ರಕ್ಷಣೆಯನ್ನು ನಾನು ನಂಬುವುದಿಲ್ಲ.

ಕಡಿಮೆ ಸಾರ ಹಾಕಿದಲ್ಲಿ ಬೂಷ್ಟಿನ ಪದರ ಎಂದಿನಂತೆಯೇ ದಪ್ಪವಾಗಿ ಬೆಳೆದಿತ್ತು. ಆದರೂ ಉಕ್ಕು ಕಡಿಮೆ ಸವೆದಿತ್ತು. ಆಮ್ಲದ ಫ್ಲಾಸ್ಕಿನಲ್ಲಿಯೂ ಸಾರವಿದ್ದ ತುಂಡು ಉಳಿದುಕೊಂಡಿತ್ತು. ಹೊರತೆಗೆದು ನೋಡಿದರೆ, ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಉಂಟಾಗುವ ಹಸಿರುಗಪ್ಪು ಪೊರೆ ಮೇಲ್ಮೈಗೆ ಕಚ್ಚಿಕೊಂಡಿತ್ತು. ಬ್ರಷ್‌ಗೆ ಬಗ್ಗದೆ, ತುಕ್ಕು ತೆಗೆಯಲು ಬಳಸುವ ಆಮ್ಲೀಯ ಕ್ಲಾರ್ಕ್ ದ್ರಾವಣದಲ್ಲಷ್ಟೇ ಬಿಟ್ಟಿತು. ಸಾರ ಹೆಚ್ಚಿಸಿದಾಗ ಮಾತ್ರ ಬೂಷ್ಟೂ ಬಡಕಲಾಯಿತು.

ತೂಕದ ನಷ್ಟದಿಂದ ವರ್ಷಕ್ಕೆ ಇಷ್ಟು ಮಿಲಿಮೀಟರ್ ಎಂದು ಲೆಕ್ಕ ಹಾಕುವ ಕ್ರಮವು ಸವೆತವನ್ನು ಇಡೀ ಮೇಲ್ಮೈಗೆ ಸಮನಾಗಿ ಹಂಚುತ್ತದೆ. ಬೂಷ್ಟು ಮಾಡುವುದು ಕುಳಿಗಳನ್ನು. ತಗಡು ತೂತಾಗುವುದು ಅಲ್ಲಿಯೇ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಕುಳಿಯ ಆಳವನ್ನೂ ಅಳೆಯುತ್ತೇನೆ. ಈ ಸಾರ ನೀರಿನಲ್ಲಿ ಕರಗುವಂಥದ್ದು, ನಮ್ಮ ಮಳೆಗೆ ಬಯಲಿನ ತಗಡಿನ ಮೇಲೆ ನಿಲ್ಲಲಾರದು. ನೀರು ನಿಂತಿರುವ ಮುಚ್ಚಿದ ಟ್ಯಾಂಕಿಯ ಒಳಮೈಗೆ, ಇಲ್ಲವೇ ಬಣ್ಣದ ಅಡಿಪದರಕ್ಕೆ ಇದನ್ನು ಪರೀಕ್ಷಿಸುವುದು ಸರಿಯಾದ ದಾರಿ.