ಭಾರತ ಫುಟ್‌ಬಾಲ್ ತಂಡಕ್ಕೆ ಕೋಚ್ ಆರಿಸುವುದು ಹೇಗೆ

ತಂಡ ಸೋತು ಸುಣ್ಣವಾದಾಗ ಎಲ್ಲರೂ ಹೆಸರುಗಳನ್ನು ತೇಲಿಬಿಡಲು ಶುರು ಮಾಡುತ್ತಾರೆ. ಹೆಸರುಗಳನ್ನು ಪಕ್ಕಕ್ಕಿಡಿ. ಮೊದಲು ಹಿಂದಿನ ಕೋಚ್ ಆಡಿಸಿದ ಪಂದ್ಯಗಳನ್ನು ಪೂರ್ತಿಯಾಗಿ ನೋಡಿ, ರೋಗ ಯಾವುದೆಂದು ಬರೆದಿಡಿ.

ಮನೋಲೊ ಮಾರ್ಕ್ವೆಜ್ ಅವರ ಅವಧಿಯನ್ನೇ ತೆಗೆದುಕೊಳ್ಳೋಣ. 2024ರ ಸೆಪ್ಟೆಂಬರ್‌ನಿಂದ 2025ರ ಜೂನ್‌ವರೆಗೆ 8 ಪಂದ್ಯ, ಒಂದೇ ಗೆಲುವು. ಅದು ಮಾಲ್ಡೀವ್ಸ್ ವಿರುದ್ಧ 3–0. ಉಳಿದ 7 ಪಂದ್ಯಗಳಲ್ಲಿ ನಾವು ಹೊಡೆದದ್ದು ಬರೀ 2 ಗೋಲು. ನಿವೃತ್ತಿಯಾಗಿದ್ದ ಸುನಿಲ್ ಚೆಟ್ರಿ ಅವರನ್ನು 40ನೇ ವಯಸ್ಸಿನಲ್ಲಿ ವಾಪಸ್ ಕರೆಯಬೇಕಾಯಿತು. ರೋಗ ಅಲ್ಲಿದೆ: ಗೋಲು ಹೊಡೆಯುವವರಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳು ಸ್ಟ್ರೈಕರ್ ಜಾಗಕ್ಕೆ ವಿದೇಶಿಯರನ್ನೇ ನೆಚ್ಚಿಕೊಂಡಿರುವಾಗ ನಮ್ಮ ಹುಡುಗರು ಆ ಜಾಗದಲ್ಲಿ ಬೆಳೆಯುವುದಾದರೂ ಎಲ್ಲಿ? ಇದನ್ನು ಯಾವ ಕೋಚ್ ಕೂಡ ಸರಿಪಡಿಸಲಾರ. ಆದ್ದರಿಂದ ಸಂದರ್ಶನದ ಮೊದಲ ಪ್ರಶ್ನೆ ಇದಾಗಿರಲಿ: ಒಳ್ಳೆಯ ಸ್ಟ್ರೈಕರ್ ಇಲ್ಲದೆ ಗೋಲು ಹೇಗೆ ತರುತ್ತೀರಿ?

‘ಆಟದ ಶೈಲಿಯನ್ನೇ ಬದಲಾಯಿಸುತ್ತೇನೆ’ ಎನ್ನುವವರನ್ನು ನಾನಾದರೆ ನಯವಾಗಿ ಕಳುಹಿಸಿಕೊಡುತ್ತೇನೆ. ರಾಷ್ಟ್ರೀಯ ತಂಡದ ಕೋಚ್‌ಗೆ ಫಿಫಾ ವಿರಾಮದಲ್ಲಿ, ಅಂದರೆ ಕ್ಲಬ್‌ಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡುವ ಅವಧಿಯಲ್ಲಿ, ಆಟಗಾರರು ಸಿಗುವುದು ಸಾಮಾನ್ಯವಾಗಿ ಹತ್ತು ದಿನದಷ್ಟು ಮಾತ್ರ. ಬೆಂಗಳೂರಿನಲ್ಲಿ ಶಾಲಾ ಹುಡುಗರಿಗೆ ಆಟ ಹೇಳಿಕೊಡುವ ನನಗೆ ಗೊತ್ತು: ಒತ್ತಡದಲ್ಲೂ ಚೆಂಡು ಕಳೆದುಕೊಳ್ಳದೆ ಪಾಸ್ ಮಾಡುವುದನ್ನು ಕಲಿಸಲು ಇಡೀ ಋತುವೇ ಬೇಕು, ಆದರೆ ಕಾರ್ನರ್ ಕಿಕ್‌ಗೆ ಯಾರು ಎಲ್ಲಿಂದ ಓಡಬೇಕು, ಗೋಲ್‌ಕೀಪರ್ ಎದುರು ಯಾರು ನಿಲ್ಲಬೇಕು ಎಂಬುದನ್ನು ಕೆಲವೇ ಸಂಜೆಗಳಲ್ಲಿ ಕಲಿಸಬಹುದು. ಕಾರ್ನರ್, ಫ್ರೀ ಕಿಕ್, ಲಾಂಗ್ ಥ್ರೋ ಬಗ್ಗೆ ವಿವರವಾಗಿ ಮಾತನಾಡುವವನು ಸಮಯದ ಲೆಕ್ಕ ತಿಳಿದವನು. ಮಾರ್ಕ್ವೆಜ್ ನಂತರ ಕೋಚ್ ಆದ ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಮಾಡಿದ್ದೂ ಇದನ್ನೇ. ಕೆಲವು ಆಟಗಾರರನ್ನು ಕ್ಲಬ್ ಬಿಟ್ಟುಕೊಡಲಿಲ್ಲ. ಬೆಂಗಳೂರಿನಲ್ಲಿ ಚಿಕ್ಕದೊಂದು ಶಿಬಿರ, ಆಮೇಲೆ ನೇರವಾಗಿ ತಜಕಿಸ್ತಾನದ ನೆಲದಲ್ಲಿ ತಜಕಿಸ್ತಾನದ ವಿರುದ್ಧ ಪಂದ್ಯ. 2–1ರಿಂದ ಗೆದ್ದೆವು. ಎರಡೂ ಗೋಲು ಹೊಡೆದವರು ಡಿಫೆಂಡರ್‌ಗಳಾದ ಅನ್ವರ್ ಅಲಿ ಮತ್ತು ಸಂದೇಶ್ ಜಿಂಗನ್. ಆ ಸಂಜೆ ನನಗಾದ ಸಂತೋಷವನ್ನು ಈಗಲೂ ಮರೆತಿಲ್ಲ.

ಎರಡನೆಯ ಪರೀಕ್ಷೆ: 2025ರ ಜೂನ್ 10ರ ಹಾಂಗ್‌ಕಾಂಗ್ ಪಂದ್ಯದ ವಿಡಿಯೊ ಕೊಡಿ. ಮೊದಲಾರ್ಧದಲ್ಲಿ ಆಶಿಕ್ ಕುರುಣಿಯನ್ ಸುಲಭ ಅವಕಾಶ ಕೈಚೆಲ್ಲಿದರು. ಇಂಜುರಿ ಟೈಮ್‌ನಲ್ಲಿ ಗೋಲ್‌ಕೀಪರ್ ವಿಶಾಲ್ ಕೈತ್ ಚೆಂಡನ್ನು ಗುದ್ದಲು ಹೋಗಿ ಎದುರಾಳಿಗೆ ತಾಗಿದರು; ಪೆನಾಲ್ಟಿ, 0–1. ಅರವತ್ತನೇ ನಿಮಿಷಕ್ಕೆ ವಿಡಿಯೊ ನಿಲ್ಲಿಸಿ, ‘ಈಗ ಯಾರನ್ನು ಹೊರಗೆ ಕರೆಯುತ್ತೀರಿ, ಯಾರನ್ನು ಇಳಿಸುತ್ತೀರಿ?’ ಎಂದು ಕೇಳಿ. ನಮ್ಮ ಆಟಗಾರರ ಹೆಸರು ಹಿಡಿದು ಉತ್ತರಿಸಲಾಗದವನು ಮನೆಪಾಠ ಮಾಡಿಕೊಂಡು ಬಂದಿಲ್ಲ.

ದೇಶಿಯೋ ವಿದೇಶಿಯೋ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಡಿ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. 2015ರಲ್ಲಿ ಫಿಫಾ ರ್‍ಯಾಂಕಿಂಗ್‌ನಲ್ಲಿ 173ಕ್ಕೆ ಕುಸಿದಿದ್ದ ತಂಡ 2017ರಲ್ಲಿ 96ನೇ ಸ್ಥಾನಕ್ಕೇರಿದ್ದು ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್ ಕಾಲದಲ್ಲಿ.

ಇನ್ನು ಒಪ್ಪಂದ. ಎರಡು ದೋಣಿಯಲ್ಲಿ ಕಾಲಿಡಲು ಯಾರಿಗೂ ಬಿಡಬೇಡಿ. ಮಾರ್ಕ್ವೆಜ್ 2024–25ರ ಋತುವಿಡೀ ಎಫ್‌ಸಿ ಗೋವಾ ತಂಡಕ್ಕೂ ಕೋಚ್ ಆಗಿದ್ದರು. ಯಾವ ಫಲಿತಾಂಶ ಬಂದರೆ ಒಪ್ಪಂದ ಮುಗಿಯುತ್ತದೆ, ಆಗ ಎಷ್ಟು ಹಣ ಕೊಡಬೇಕು ಎಂಬುದನ್ನು ಸಹಿಗೆ ಮುಂಚೆಯೇ ಬರೆಸಿ. ಮಾರ್ಕ್ವೆಜ್‌ಗಿಂತ ಮೊದಲು ಕೋಚ್ ಆಗಿದ್ದ, 2026ರವರೆಗೆ ಒಪ್ಪಂದವಿದ್ದ ಇಗೊರ್ ಸ್ಟಿಮ್ಯಾಚ್ ಅವರನ್ನು 2024ರ ಜೂನ್‌ನಲ್ಲಿ ತೆಗೆದ ಮೇಲೆ ಫುಟ್‌ಬಾಲ್ ಫೆಡರೇಷನ್ 4 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಆ ಹಣದಲ್ಲಿ ಎಷ್ಟು ಕಿರಿಯರ ಶಿಬಿರಗಳನ್ನು ನಡೆಸಬಹುದಿತ್ತು!

ನೇಮಕದ ದಿನಾಂಕವೂ ಮುಖ್ಯ. ಜಮೀಲ್ ಬರುವಷ್ಟರಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತಿನ ಎರಡು ಪಂದ್ಯ ಮುಗಿದು, ನಮ್ಮ ಕೈಯಲ್ಲಿ ಒಂದೇ ಅಂಕವಿತ್ತು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 1–2ರಿಂದ ಸೋತಾಗ ದಾರಿ ಮುಚ್ಚಿತು. ಮುಂದಿನ ಅರ್ಹತಾ ಸುತ್ತಿಗೆ ಕನಿಷ್ಠ ಎರಡು ಫಿಫಾ ವಿರಾಮಗಳಿರುವಾಗಲೇ ಹೊಸಬರನ್ನು ಕೂರಿಸಿ, ಮತ್ತು ಅವರ ಮೊದಲ ಶಿಬಿರಕ್ಕೆ ಆಟಗಾರರನ್ನು ಬಿಟ್ಟುಕೊಡುವಂತೆ ಕ್ಲಬ್‌ಗಳಿಂದ ಲಿಖಿತ ಒಪ್ಪಿಗೆ ಪಡೆಯಿರಿ.